ಗೇಟಿನ ಕ್ಯಾಮೆರಾದೊಳಗಿನ ಮಳೆ

ಕ್ಯಾಮೆರಾದ ಹಿಂಬದಿಯ ಸ್ಕ್ರೂ ತೆಗೆದು ಮುಚ್ಚಳ ಎಳೆದೆ. ಒಳಗಿದ್ದ ನೀರು ಅಂಗೈ ಮೇಲೆ ಸುರಿದು ಮೊಣಕೈವರೆಗೆ ಹರಿಯಿತು. ಏಣಿಯ ಮೇಲೆ ನಿಂತೇ ಕ್ಯಾಮೆರಾ ಬಗ್ಗಿಸಿ ಉಳಿದ ನೀರು ಚೆಲ್ಲಿದೆ. ವಿಜಾಪುರದಲ್ಲಿ ಬಿಚ್ಚಿದ ಕ್ಯಾಮೆರಾಗಳೊಳಗೆ ಧೂಳು ಕಂಡಿದ್ದೆ, ಇರುವೆ ಕಂಡಿದ್ದೆ, ಒಮ್ಮೆ ಹಲ್ಲಿಯ ಮೊಟ್ಟೆಯನ್ನೂ ಕಂಡಿದ್ದೆ. ನೀರನ್ನು ಮಾತ್ರ ಕಂಡಿರಲಿಲ್ಲ. ನಮ್ಮಲ್ಲಿ ನೀರು ನಲ್ಲಿಯಲ್ಲಿ ಬಂದರೇ ದೊಡ್ಡ ಮಾತು, ಅದು ಕ್ಯಾಮೆರಾದೊಳಗೆ ಹೋಗಿ ಕೂರುವುದುಂಟೆ!

"ಏನಾಯ್ತು ಭಾಯ್? ಈ ಸಲನಾದ್ರೂ ಗೊತ್ತಾಯ್ತಾ?" ಕೆಳಗಿನಿಂದ ಮನೆಯಾಕೆ ಮುಮ್ತಾಜ್ ಕೇಳಿದರು.

"ನೋಡಾಕತ್ತೀನ್ರಿ ಅಕ್ಕಾರ," ಎಂದೆ. ನಿಜ ಹೇಳಬೇಕೆಂದರೆ ಏನೂ ಗೊತ್ತಾಗಿರಲಿಲ್ಲ.

ಊರಲ್ಲಿರುವ ನೀವೆಲ್ಲ ನಾನು ಮಲೆನಾಡಿನ ತಂಪಿನಲ್ಲಿ ಹಾಯಾಗಿದ್ದೇನೆ ಎಂದುಕೊಂಡಿದ್ದೀರಿ. ಬೇಸಿಗೆಯ ಕೊನೆಗೆ ಬಂದಾಗ ನಾನೂ ಹಾಗೇ ಎಂದುಕೊಂಡಿದ್ದೆ. ಮನೆಗೆ ಕ್ಯಾಮೆರಾ ಹಾಕಿಸಿದರೆ ಜನ ನಿಂತು ನೋಡುತ್ತಿದ್ದ ಕಾಲ ಅದು. ಶಿವಮೊಗ್ಗದ ಅಂಗಡಿಯೊಂದಕ್ಕೆ ಕ್ಯಾಮೆರಾ ಕೂರಿಸುವ ಕೆಲಸ ಬಲ್ಲವನು ಬೇಕಿತ್ತು, ನನಗೆ ಊರು ಬದಲಿಸುವ ಹುಚ್ಚಿತ್ತು. ಬಾಡಿಗೆ ಕಡಿಮೆಯೆಂದು ಭದ್ರಾವತಿಯ ಜನ್ನಾಪುರದಲ್ಲಿ ಒಂದು ಕೋಣೆ ಹಿಡಿದೆ. ಬೆಳಿಗ್ಗೆ ಬಸ್ಸಲ್ಲಿ ಶಿವಮೊಗ್ಗ, ಸಂಜೆ ಮತ್ತೆ ಬಸ್ಸಲ್ಲಿ ಜನ್ನಾಪುರ.

ಮಳೆ ಹಿಡಿಯಿತು ನೋಡಿ, ಆಮೇಲೆ ನನ್ನ ಆರಾಮು ಮುಗಿಯಿತು. ನಮ್ಮಲ್ಲಿ ಮಳೆ ಅಂದರೆ ಬಂದು ಹೋಗುವ ನೆಂಟ. ಇಲ್ಲಿ ಅದು ಮನೆಯ ಯಜಮಾನ. ಬೆಂಕಿಕಡ್ಡಿ ಗೀರಿದರೆ ಅದರ ಮದ್ದು ಉದುರುತ್ತಿತ್ತು. ಉಪ್ಪಿನ ಡಬ್ಬದಲ್ಲಿ ಕೆಸರಿನಂಥದೇನೋ ಇತ್ತು. ನನ್ನ ಚರ್ಮದ ಬೆಲ್ಟಿನ ಮೇಲೆ ಬಿಳಿ ಪುಡಿಯಂತೆ ಬೆಳೆದದ್ದಕ್ಕೆ ಇಲ್ಲಿಯವರು ಬೂಷ್ಟು ಅನ್ನುತ್ತಾರೆ. ನಮ್ಮಲ್ಲಿ ಹಳಸಿದ ಅಡುಗೆಯ ಮೇಲೆ ಬರುವಂಥದ್ದು ಇಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಗೋಡೆಗೆ, ಯಾವುದಕ್ಕೂ ಬರುತ್ತದೆ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆಂಬ ನಂಬಿಕೆಯಲ್ಲಿ ತಂದಿದ್ದೆ. ಅದು ವಾರದೊಳಗೆ ಒದ್ದೆ ರಟ್ಟಾಯಿತು. ಆ ರೊಟ್ಟಿಯನ್ನು ಎಸೆಯುವಾಗ ನನಗೆ ಅಳು ಬಂತು ಎಂದು ಬರೆದರೆ ನಗಬೇಡಿ.

ನನ್ನ ಮೊದಲ ದೊಡ್ಡ ಕೆಲಸವೇ ಶಿವಮೊಗ್ಗದ ರಾಗಿಗುಡ್ಡದ ಈ ಮನೆ. ಮುಮ್ತಾಜ್ ಮಹಡಿಯ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡು ಸುತ್ತಲಿನ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಗಂಡ ಲಾರಿ ಓಡಿಸುತ್ತ ದೂರ ಹೋಗಿರುತ್ತಿದ್ದ. ಕೆಳಗೆ ಇರುತ್ತಿದ್ದವರು ಮಾವ ಗಫಾರ್ ಸಾಹೇಬರು, ಮುಮ್ತಾಜ್ ಬಾಯಲ್ಲಿ 'ಅಬ್ಬಾ'. ಬಸ್ ಮೆಕ್ಯಾನಿಕ್ ಆಗಿ ದುಡಿದ ಕೈ, ಈಗ ನೆನಪು ಅಳಿಸುತ್ತಿತ್ತು. ಗ್ಯಾರೇಜಿಗೆ ಹೊತ್ತಾಯಿತು ಎಂದು ಗೇಟು ತೆಗೆದು ಹೊರಟುಬಿಡುತ್ತಿದ್ದರು. ಬೀಗ ಹಾಕಿದರೆ ಗೇಟು ಬಡಿದು ಕೈಗೆ ಗಾಯ ಮಾಡಿಕೊಳ್ಳುತ್ತಿದ್ದರು. ಗಲ್ಲಿಯ ಕೊನೆಯಲ್ಲೇ ಲಾರಿಗಳು ಓಡುವ ರಸ್ತೆ. ಒಮ್ಮೆ ಅಲ್ಲಿ ನಡುರಸ್ತೆಯಲ್ಲಿ ನಿಂತಿದ್ದವರನ್ನು ಯಾರೋ ಕೈಹಿಡಿದು ತಂದಿದ್ದರಂತೆ. ಅದಕ್ಕೇ ಗೇಟಿನ ಮೇಲೆ ಕ್ಯಾಮೆರಾ, ಮಷೀನಿನ ಪಕ್ಕ ಒಂದು ಸಣ್ಣ ಟಿವಿ.

ನಾನು ಊರಿನ ಪದ್ಧತಿಯಂತೆಯೇ ಕೂರಿಸಿದ್ದೆ. ನಮ್ಮಲ್ಲಿ ಕ್ಯಾಮೆರಾದ ಮೊದಲ ವೈರಿ ಧೂಳು. ಹೊರಗವಚದ ಸಂದಿಗೊಂದಿ, ತೂತು, ಎಲ್ಲದಕ್ಕೂ ಸಿಲಿಕಾನ್ ಅಂಟು ಮೆತ್ತಿ ಮುಚ್ಚುತ್ತೇವೆ. ತಳದಲ್ಲಿ ಒಂದು ಸಣ್ಣ ತೂತಿರುತ್ತದೆ, ಅದನ್ನೂ ಬಿಡುವುದಿಲ್ಲ. ವೈರನ್ನು ತಾರಸಿಯಿಂದ ಕ್ಯಾಮೆರಾದ ಬೆನ್ನಿಗೆ ನೇರ ಎಳೆದು ಬಿಗಿಯಾಗಿ ಕ್ಲಿಪ್ ಹೊಡೆದಿದ್ದೆ. ಅಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ವಿಜಾಪುರದಲ್ಲಾದರೆ ಬೆನ್ನು ತಟ್ಟುತ್ತಿದ್ದರು.

ಇಲ್ಲಿ ಮೊದಲು ಚಿತ್ರ ಮಂಜಾಯಿತು. ಒರೆಸಿ ಇನ್ನಷ್ಟು ಅಂಟು ಮೆತ್ತಿದೆ. ಮತ್ತೆ ಮಂಜಾಯಿತು. ಮತ್ತೆ ಮೆತ್ತಿದೆ. ಈಗ ನೀರೇ ಸುರಿಯಿತು.

"ನಾನು ನಿಮ್ಮ ಮೇಲೆ ಸಿಟ್ಟಾಗ್ತಿಲ್ಲ ಭಾಯ್," ಮುಮ್ತಾಜ್ ಹೇಳಿದರು. "ಆದ್ರೆ ಟೀವೀಲಿ ಗೇಟ್ ಕಾಣ್ಲಿಲ್ಲ ಅಂದ್ರೆ ನಾನು ಮಷೀನ್ ಬಿಟ್ಟು ಕೆಳಗೇ ಕೂತಿರ್ಬೇಕು. ಒಂದು ಸಲ ಹೊಲಿಯೋದ್ರಲ್ಲಿ ಮೈಮರ್ತೆ ಅಂದ್ರೆ ಅಬ್ಬಾ ಕೈಗೆ ಸಿಗಲ್ಲ."

ಗಫಾರ್ ಸಾಹೇಬರು ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ಹೋದಾಗಲೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಯಾವ ಊರಪ್ಪ?"

"ವಿಜಾಪುರ್ರಿ."

"ದೂರ ಆಯ್ತು," ಎಂದು ತಲೆಯಾಡಿಸಿದರು. ದೂರವೇ ಆಗಿತ್ತು. ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದಾಗ, ಸೀದಾ ವಿಜಾಪುರಕ್ಕೇ ಹೋಗುವ ಬಸ್ಸಿದ್ದರೆ ಅದನ್ನೇ ಹತ್ತುತ್ತಿದ್ದೆನೇನೋ.

ಕೋಣೆಗೆ ಬಂದರೆ ಹಾಸಿಗೆಯ ಒಂದು ಬದಿ ತೊಯ್ದು ತೊಪ್ಪೆ. ಕಿಟಕಿಯ ಸರಳಿನಿಂದ ಹಿತ್ತಲಿನ ಸೀಬೆ ಮರಕ್ಕೆ ಬಟ್ಟೆ ಒಣಗಿಸುವ ತಂತಿ ಕಟ್ಟಿತ್ತು. ಮಳೆನೀರು ಆ ತಂತಿಯ ಮೇಲೇ ಹರಿದು ಬಂದು ನನ್ನ ಕಿಟಕಿಯೊಳಗೆ ಇಳಿಯುತ್ತಿತ್ತು. ಮನೆಯ ಒಡತಿ ಶಾಂತಮ್ಮನವರನ್ನು ಕರೆದು ತೋರಿಸಿದೆ. ಅವರು ತಂತಿ ನೋಡಿದರು, ನನ್ನನ್ನು ನೋಡಿದರು.

"ಇಲ್ಲೊಂದು ಬಟ್ಟೆ ಚೂರು ಕಟ್ಟಿದ್ನಲ್ಲ, ಎಲ್ಲಿ?"

"ಹೊಲಸ್ ಆಗಿತ್ತಂತ ಬಿಚ್ಚಿ ಹೊರಗ ಒಗದೇನ್ರಿ."

"ಅಯ್ಯೋ ಮಾರಾಯ, ಅದನ್ನ ಚಂದಕ್ಕೆ ಕಟ್ಟಿದ್ದೇನೋ? ತಂತಿ ಮೇಲೆ ಬಂದ ನೀರು ಕಿಟಕಿಗೆ ಬರೋ ಮುಂಚೆ ಆ ಬಟ್ಟೆ ಹಿಡ್ಕೊಂಡು ಕೆಳಗಿಳೀಲಿ ಅಂತ ಕಟ್ಟಿದ್ದು. ಎಷ್ಟು ಚೊಕ್ಕ ನೋಡು ನಮ್ಮ ಬಾಡಿಗೆಯವ್ನು!" ಬೈಯುತ್ತಲೇ ಹಳೇ ಟವೆಲಿನ ತುಂಡೊಂದನ್ನು ತಂದು ತಂತಿಗೆ ಬಿಗಿದು ಇಳಿಬಿಟ್ಟರು. ನೋಡನೋಡುತ್ತಿದ್ದಂತೆ ನೀರು ಅದರ ತುದಿಯಿಂದ ಹಿತ್ತಲಿಗೆ ತೊಟ್ಟಿಕ್ಕಿತು. ಕಿಟಕಿಗೆ ಬರುವುದು ನಿಂತಿತು.

ನಾನು ಹಾಸಿಗೆ ಮರೆತೆ. ಕಣ್ಣಮುಂದೆ ಇದ್ದದ್ದು ರಾಗಿಗುಡ್ಡದ ವೈರು. ತಾರಸಿಯಿಂದ ನೇರ ಇಳಿಜಾರಾಗಿ ಕ್ಯಾಮೆರಾದ ಬೆನ್ನಿಗೆ. ನೀರಿಗೆ ನಾನೇ ರಸ್ತೆ ಮಾಡಿಕೊಟ್ಟು, ಅದು ಹೊರಗೆ ಹೋಗಲು ಇದ್ದ ಒಂದೇ ತೂತಿಗೆ ನಾನೇ ಅಂಟು ಮೆತ್ತಿದ್ದೆ. ಎಷ್ಟು ಮೆತ್ತಿದೆನೋ ಅಷ್ಟು ನೀರು ಉಳಿಯಿತು. ನಗು ಬಂತು. ಈ ಊರಿಗೆ ಬಂದ ಮೇಲೆ ಮೊದಲ ಸಲ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ.

ಮುಂದಿನದು ಸುಲಭವಾಯಿತು. ಕ್ಯಾಮೆರಾದ ಭಾಗಗಳನ್ನು ಬಿಡಿಸಿ, ಶಾಂತಮ್ಮನವರ ಬಚ್ಚಲೊಲೆಯ ಪಕ್ಕ, ಬಿಸಿ ತಾಗಿಯೂ ತಾಗದಷ್ಟು ದೂರದಲ್ಲಿ ಇಟ್ಟು ಒಣಗಿಸಿದೆ. ಪೂರ್ತಿ ಒಣಗುವವರೆಗೆ ಕರೆಂಟು ಕೊಡುವ ಆತುರ ಮಾಡಲಿಲ್ಲ, ಒದ್ದೆಯಲ್ಲಿ ಕೊಟ್ಟರೆ ಸುಟ್ಟೇಹೋಗುತ್ತದೆ. ಗಾಜನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿದೆ. ಹೊಸ ಬೂಟಿನ ಡಬ್ಬಗಳಲ್ಲಿ ತೇವ ಹೀರಲೆಂದು ಇಡುವ ಸಣ್ಣ ಪೊಟ್ಟಣಗಳನ್ನು ಚಪ್ಪಲಿ ಅಂಗಡಿಯಲ್ಲಿ ಬೇಡಿ ತಂದು ಒಳಗೊಂದು ಇಟ್ಟೆ. ಅಂಟನ್ನು ಮೇಲ್ಭಾಗಕ್ಕೂ ವೈರು ಒಳಹೋಗುವ ಬಾಯಿಗೂ ಹಾಕಿದೆ. ತಳದ ತೂತನ್ನು ಸೂಜಿಯಿಂದ ಕೆದಕಿ ತೆರೆದೆ. ಗೇಟಿನ ಮೇಲೆ ಕೂರಿಸುವಾಗ ವೈರನ್ನು ಕ್ಯಾಮೆರಾಕ್ಕಿಂತ ಕೆಳಗೆ ಹೊಟ್ಟೆಯಂತೆ ಇಳಿಬಿಟ್ಟು, ಅಲ್ಲಿಂದ ಮೇಲಕ್ಕೆ ತಂದು ಬೆನ್ನಿಗೆ ಸೇರಿಸಿದೆ. ಬಂದ ನೀರು ಆ ಹೊಟ್ಟೆಯ ತಳದಿಂದಲೇ ತೊಟ್ಟಿಕ್ಕಲಿ ಎಂದು. ವೈರಿನ ಜೋಡಣೆಗೆ ಬರೀ ಕಪ್ಪು ಟೇಪು ಸುತ್ತಿದ್ದೆ, ಅದನ್ನು ಬಿಚ್ಚಿ ಪ್ಲಾಸ್ಟಿಕ್ ಡಬ್ಬದೊಳಗೆ ಹಾಕಿ ಕಿಟಕಿಯ ಮೇಲಿನ ಸಜ್ಜದ ಅಡಿಗೆ ಸರಿಸಿದೆ.

ಗಫಾರ್ ಸಾಹೇಬರು ಬಂದು ವೈರನ್ನೇ ದಿಟ್ಟಿಸಿದರು. "ಸಡಿಲ ಬಿಟ್ಟಿದ್ದೀಯ. ಎಳೆದು ಕಟ್ಟು," ಎಂದು ಗದರಿದರು. ಹಳೆಯ ಮೆಕ್ಯಾನಿಕ್ಕಿನ ಕಣ್ಣು. ಹೂಂ ಅಂದೆ, ಎಳೆಯಲಿಲ್ಲ.

ಅದಾದ ಮೇಲೆ ಮಳೆ ಬಿಡದೆ ಸುರಿಯಿತು. ತುಂಗೆ ಕೆಂಪಗೆ ತುಂಬಿ ಹರಿದಳು. ನಾನು ಕೆಲಸ ಮಾಡುತ್ತಲೇ ಅಂಗಡಿಯ ಫೋನಿಗೆ ಕಿವಿ ಕೊಟ್ಟಿರುತ್ತಿದ್ದೆ. ಒಂದು ಮಧ್ಯಾಹ್ನ ಅದು ಹೊಡೆದುಕೊಂಡಿತು. ಮುಮ್ತಾಜ್. ಏದುಸಿರು ಬಿಡುತ್ತಿದ್ದರು.

"ಭಾಯ್, ಅಬ್ಬಾ ಗೇಟ್ ತೆಗ್ದು ಹೋದ್ರು..."

ಫೋನು ಹಿಡಿದೇ ಚಪ್ಪಲಿ ಮೆಟ್ಟಿದೆ.

"...ಟೀವೀಲಿ ನೋಡ್ದೆ! ಸಾಫ್ ಕಾಣ್ತು ಭಾಯ್, ಕೈಯಲ್ಲಿ ಛತ್ರಿ ಇದ್ದಿದ್ದೂ ಕಾಣ್ತು. ಓಡಿಹೋಗಿ ಗಲ್ಲಿ ಕೊನೇಲಿ ಹಿಡ್ಕೊಂಡೆ. ಈಗ ಇಲ್ಲೇ ಕೂತು ಚಾ ಕುಡೀತಿದ್ದಾರೆ."

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆಹಾ, ಎಂಥ ನಿರಾಳ! ಹೊಸ ಊರಿನಲ್ಲಿ ನನ್ನಿಂದ ಒಂದು ಕೆಲಸ ನೆಟ್ಟಗಾಯಿತು ಅನ್ನುವುದಕ್ಕಿಂತ, ಆ ಮನುಷ್ಯ ಕೂತು ಚಾ ಕುಡಿಯುತ್ತಿದ್ದಾರೆ ಅನ್ನುವುದೇ ದೊಡ್ಡದಾಗಿತ್ತು.

ಮುಂದೆ ದೀಪಾವಳಿಗೆ ಊರಿಗೆ ಬಂದೆನಲ್ಲ, ಆಗ ಅಣ್ಣನ ಅಂಗಡಿಗೆ ಕ್ಯಾಮೆರಾ ಹಾಕಿಕೊಟ್ಟೆ. ಅಲ್ಲಿಯೂ ಕೈ ತಾನಾಗಿ ವೈರಿಗೆ ಹೊಟ್ಟೆ ಬಿಟ್ಟಿತು. "ಮಳಿ ಎಲ್ಲೈತೋ ಇಲ್ಲಿ? ಅಲ್ಲೀ ಮನುಷ್ಯಾ ಆಗಿಬಿಟ್ಟಿ ನೀ," ಎಂದು ಅಣ್ಣ ನಕ್ಕ. ಜನ್ನಾಪುರಕ್ಕೆ ಮರಳಿ ಬಾಯಿ ತೆರೆದರೆ, ಬಸ್ಸಿನ ಕಂಡಕ್ಟರು "ಏನ್ರೀ ಬಿಜಾಪುರ" ಎಂದು ಕರೆಯುತ್ತಾನೆ. ಯಾವ ಕಡೆಯವರೂ ನನ್ನನ್ನು ಪೂರ್ತಿ ಇಟ್ಟುಕೊಳ್ಳುವುದಿಲ್ಲ.

ಮರುವರ್ಷ ಮಳೆ ಹಿಡಿಯುವ ಮೊದಲು ತೇವ ಹೀರುವ ಪೊಟ್ಟಣ ಬದಲಿಸಲು ರಾಗಿಗುಡ್ಡಕ್ಕೆ ಹೋದೆ. ಕೆಲಸ ಮುಗಿಯುವಷ್ಟರಲ್ಲಿ ಹನಿ ಶುರುವಾಯಿತು. ಗಫಾರ್ ಸಾಹೇಬರು ಬಾಗಿಲಲ್ಲಿ ನಿಂತು ನನ್ನನ್ನು ಮೊದಲ ಸಲ ಕಾಣುವವರಂತೆ ಕಂಡರು.

"ಯಾವ ಊರಪ್ಪ?"

ಬಾಯಿ ತೆರೆಯುವಷ್ಟರಲ್ಲಿ ಮಹಡಿಯ ಮೇಲೆ ಮಷೀನಿನ ಸದ್ದು ನಿಂತಿತು. ಟಿವಿಯಲ್ಲಿ ನಾವಿಬ್ಬರೂ ಕಂಡಿರಬೇಕು.

"ಇಲ್ಲಿಯೋರೇ ಅಬ್ಬಾ," ಮುಮ್ತಾಜ್ ಕಿಟಕಿಯಿಂದ ಕೂಗಿದರು. "ನಮ್ ಕ್ಯಾಮೆರಾದೋರು!"

ಸಾಹೇಬರಿಗೆ ಸಿಟ್ಟೇ ಬಂತು. "ಇಲ್ಲಿಯವನಾಗಿ ಮಳೇಲಿ ಯಾಕೆ ನಿಂತಿದ್ದೀಯ? ಒಳಗೆ ಬಾ."

ವಿಜಾಪುರ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಅಲ್ಲೇ ಇಟ್ಟುಕೊಂಡು ಒಳಗೆ ಹೋದೆ.