ಡ್ರಾಯರಿನಲ್ಲೇ ಉಳಿದ ಸ್ಲೈಡು

ಹಳೆಯ ಟ್ರಂಕಿನ ತಳದಲ್ಲಿ, ಅಮ್ಮನ ಮದುವೆ ಸೀರೆಯ ಕೆಳಗೆ, ಅಂಗೈ ಅಗಲದ ಆ ಗಾಜು ಮೊನ್ನೆ ಸಿಕ್ಕಿತು. ಗಾಜಿನ ಮೇಲೆ ಇನ್ನೊಂದು ಗಾಜು, ಅಂಚಿಗೆ ಅಂಟು ಕಾಗದ. ನಡುವೆ ದೀಪದ ಮಸಿ, ಮಸಿಯಲ್ಲಿ ಸೂಜಿಯಿಂದ ಕೆರೆದ ಅಕ್ಷರಗಳು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೆ ಸೀಮೆಎಣ್ಣೆಯ ವಾಸನೆ ಉಳಿದಿರುವುದಿಲ್ಲ ಎಂದು ಗೊತ್ತು. ಆದರೂ ಬಂದಂತಾಯಿತು...

ಅಕಸ್ಮಾತ್ತಾಗಿ ಸಿಕ್ಕಿದ್ದಲ್ಲ, ಹುಡುಕಿಯೇ ತೆಗೆದದ್ದು. ಶಿಡ್ಲಘಟ್ಟದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಟಾಕೀಸ್ ಅಂಕಲ್ ತೀರಿಹೋಗಿ ತಿಂಗಳಾಗಿತ್ತು. ಅವರ ಮಗ ಫೋನ್ ಮಾಡಿ, "ಅಪ್ಪನ ನೆನಪಿಗೆ ಒಂದು ಪುಸ್ತಕ ತರ್ತಾ ಇದೀವಿ ಆಂಟಿ. ಸ್ಲೈಡ್ ಬರೀತಿದ್ದವರು ನೀವೇ ಅಲ್ವಾ? ಎರಡು ಪುಟ ಬರ್ಕೊಡಿ" ಎಂದಿದ್ದ.

ಟಾಕೀಸ್ ಅವರದೇ. ಊರಿಗೆ ಅವರು ಸಾಹುಕಾರ್ರು, ನನಗೆ ಅಂಕಲ್. ತೋಳು ಮಡಿಸದ ಬಿಳಿ ಅಂಗಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಬೀದಿಯ ಹೆಂಗಸರು ಗಂಡನೋ ಅಣ್ಣನೋ ಜೊತೆಗಿಲ್ಲದೆ ಸಿನಿಮಾಕ್ಕೆ ಹೋಗುತ್ತಿರಲಿಲ್ಲ. ಅಂಕಲ್ ಶುಕ್ರವಾರ ಮಧ್ಯಾಹ್ನದ ಆಟವನ್ನು ಹೆಂಗಸರಿಗೆಂದೇ ಮಾಡಿದರು. ಅವತ್ತು ಗಂಡಸರು ಗೇಟು ದಾಟುವಂತಿಲ್ಲ. ಒಮ್ಮೆ ಪೊಲೀಸ್ ಪೇದೆಯೊಬ್ಬರನ್ನೂ "ನಾಳೆ ಬನ್ನಿ ಸ್ವಾಮಿ, ಇವತ್ತು ನಾನೇ ಒಳಗೆ ಹೋಗಲ್ಲ" ಎಂದು ವಾಪಸ್ಸು ಕಳಿಸಿದ್ದರು. ಆಟಕ್ಕೆ ಮೊದಲು ಹೆಂಗಸರ ಕಕ್ಕಸನ್ನು ಅವರೇ ಹೋಗಿ ನೋಡಿ, ಫಿನಾಯಿಲ್ ಸಾಲದು ಎನಿಸಿದರೆ ಇನ್ನೊಂದು ಸಲ ಹಾಕಿಸುತ್ತಿದ್ದರು.

ಬಿಸಿನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಹೆಂಗಸರು ಕೆಲಸ ಬಿಟ್ಟವರೇ ನೇರ ಬರುತ್ತಿದ್ದರು. ಬೆರಳ ತುದಿ ಬೆಳ್ಳಗೆ ನೆರಿಗೆಗಟ್ಟಿರುತ್ತಿತ್ತು, ಸೀರೆಯಲ್ಲೆಲ್ಲ ಬೆಂದ ಹುಳುವಿನ ವಾಸನೆ. ಅವರನ್ನು ಬೇರೆ ಕೂರಿಸಿ ಎಂದು ಯಾರೋ ದೊಡ್ಡ ಮನೆಯವರು ಕೇಳಿದರು. ಅಂಕಲ್, "ಆ ವಾಸನೇಲೇ ಅಮ್ಮಾ ಈ ಊರು ಊಟ ಮಾಡೋದು. ಬೇಕಾದ್ರೆ ಇನ್ನೊಂದು ಫ್ಯಾನ್ ಹಾಕಿಸ್ತೀನಿ" ಎಂದರು. ಹಾಕಿಸಿದರು ಕೂಡ. ನಮ್ಮಮ್ಮ ತಾನೊಬ್ಬಳೇ ಮನೆಯಿಂದ ಹೊರಟು ತಾನೊಬ್ಬಳೇ ವಾಪಸ್ಸು ಬಂದದ್ದು, ನನಗೆ ತಿಳಿದಂತೆ, ಆ ಶುಕ್ರವಾರಗಳಲ್ಲಿ ಮಾತ್ರ. ಬಂದವಳು ಚಪ್ಪಲಿಯನ್ನು ನಿಧಾನವಾಗಿ ಬಿಡುತ್ತಿದ್ದಳು...

ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿಸಿದ ನನ್ನ ಗುಂಡು ಅಕ್ಷರ ಅಂಕಲ್‌ಗೆ ಇಷ್ಟ. ಬೇಸಿಗೆ ರಜದಲ್ಲಿ ಸ್ಲೈಡು ಬರೆಯುವ ಕೆಲಸ ನನ್ನದು. ಗಾಜನ್ನು ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಹಿಡಿದು, ಮಸಿಯನ್ನು ಸೂಜಿಯಿಂದ ಕೆರೆದು ಪ್ರೊಜೆಕ್ಟರಿಗೆ ಇಟ್ಟರೆ ತೆರೆಯ ಮೇಲೆ ಬಿಳಿ ಅಕ್ಷರ ಮೂಡುತ್ತಿತ್ತು. ಒಳಗಿರುವ ಹೆಂಗಸಿಗೆ ಹೊರಗಿನಿಂದ ಏನು ಹೇಳಬೇಕಾದರೂ ಅದೊಂದೇ ದಾರಿ. ಓದು ಬಂದವರು ಗಟ್ಟಿಯಾಗಿ ಓದುತ್ತಿದ್ದರು, ಬಾರದವರು ಕೇಳಿಸಿಕೊಳ್ಳುತ್ತಿದ್ದರು.

ಆ ಶುಕ್ರವಾರ ಸಿನಿಮಾ ಹಂಚುವವರ ಕಡೆಯಿಂದ ಒಬ್ಬರು ಬೆಂಗಳೂರಿನಿಂದ ಬಂದು ಆಫೀಸಿನಲ್ಲಿ ಕೂತಿದ್ದರು. ಹೆಂಗಸರ ಆಟಕ್ಕೂ ಹೊಸ ಚಿತ್ರ ಕೊಡಬಹುದೇ ಎಂದು ನೋಡಲು ಬಂದವರು. ಹಾಲು ತುಂಬಿತ್ತು. ಇಂಟರ್ವಲ್ ಮುಗಿದು ಸ್ವಲ್ಪ ಹೊತ್ತಾಗಿರಬೇಕು, ದಿಬ್ಬೂರಹಳ್ಳಿ ಬಸ್ಸಿನ ಕಂಡಕ್ಟರ್ ಗೇಟಿಗೆ ಬಂದ. ನಮ್ಮ ಹಿತ್ತಿಲ ವಠಾರದಲ್ಲಿದ್ದ, ನೂಲು ತೆಗೆಯುವ ಅಕ್ಕ ಅವತ್ತು ಆಟಕ್ಕೆ ಬಂದಿದ್ದಳು; ಊರಿನಲ್ಲಿ ಅವಳ ತಾಯಿಗೆ ಕಾಯಿಲೆ ಜೋರಾಗಿತ್ತು. "ನಾಲ್ಕಕ್ಕೆ ಗಾಡಿ ಬಿಡ್ತೀನಿ, ಕಳಿಸ್ಕೊಡಿ. ಮಗಳನ್ನೇ ಕೇಳ್ತಾ ಅವ್ರಂತೆ" ಎಂದು ಹೇಳಿ ಹೋದ. ನಾನು ಆತುರದಲ್ಲಿ ಬರೆದೆ. ಮೇಲೆ ಅಕ್ಕನ ಹೆಸರು. ಕೆಳಗೆ: ದಿಬ್ಬೂರಹಳ್ಳಿಯಲ್ಲಿ ತಾಯಿಗೆ ಜೋರಾಗಿದೆ, ಕೂಡಲೇ ಹೊರಗೆ ಬನ್ನಿ.

ಅಂಕಲ್ ಅದನ್ನು ಬೆಳಕಿಗೆ ಹಿಡಿದು ಓದಿದರು. ಆಫೀಸಿನ ಬಾಗಿಲ ಕಡೆ ಒಮ್ಮೆ ನೋಡಿದರು.

"ಬೇಡ ಪುಟ್ಟಮ್ಮ. ಹೋದ ತಿಂಗಳು ಇಂಥದೇ ಸ್ಲೈಡ್ ಹಾಕಿದ್ದಕ್ಕೆ ಅರ್ಧ ಹಾಲ್ ಎದ್ದು ನುಗ್ತು, ಒಂದು ಮಗು ಕಾಲಡಿಗೆ ಬಿತ್ತು. ಇವತ್ತು ಬೆಂಗಳೂರಿನೋರ ಕಣ್ಣೆದುರು ಹಂಗಾದ್ರೆ ಶುಕ್ರವಾರದ ಆಟಾನೇ ಹೋಗುತ್ತೆ. ಬಿಟ್ಟಮೇಲೆ ನಾನೇ ಹೇಳ್ತೀನಿ."

"ನಾನು ಒಳಗೆ ಹೋಗಿ ಕರ್ಕೊಂಡು ಬರ್ಲಾ ಅಂಕಲ್?"

"ಕತ್ತಲಲ್ಲಿ ಯಾರನ್ನ ಹುಡುಕ್ತೀಯ. ಮೇಲೆ ಪ್ರೊಜೆಕ್ಟರ್ ರೂಮಿಗೆ ಹೋಗು, ಕಿಂಡಿಯಿಂದ ಸಿನಿಮಾ ನೋಡು."

ಸ್ಲೈಡು ಡ್ರಾಯರಿಗೆ ಹೋಯಿತು. ಅಕ್ಕ ಯಾವಾಗಲೂ ಎಡಗಡೆಯ ಕಂಬದ ಪಕ್ಕ ಕೂರುತ್ತಾಳೆಂದು ನನಗೆ ಗೊತ್ತಿತ್ತು. ಆದರೂ ಮೇಲೆ ಹೋಗಿ ಉಳಿದ ಸಿನಿಮಾ ನೋಡಿದೆ.

ಆಟ ಬಿಟ್ಟಾಗ ಐದಾಗಿತ್ತು. ಅಂಕಲ್ ತಾವೇ ಗೇಟಿನಲ್ಲಿ ನಿಂತು ಅಕ್ಕನನ್ನು ಕರೆದು, ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಊರಿಗೆ ಕಳಿಸಿದರು. ಕಾರು ತಲುಪುವ ಹೊತ್ತಿಗೆ ತಾಯಿಯ ದೇಹವನ್ನು ಒಳಗಿನಿಂದ ಜಗುಲಿಗೆ ತಂದು ಮಲಗಿಸಿದ್ದರಂತೆ. "ತೊಳೆದಿಡು, ಗಾಜು ಇನ್ನೊಂದಕ್ಕೆ ಆಗುತ್ತೆ" ಎಂದು ಅಂಕಲ್ ಸ್ಲೈಡನ್ನು ನನ್ನ ಕೈಗೆ ಕೊಟ್ಟರು. ನಾನು ತೊಳೆಯಲಿಲ್ಲ.

ಆಮೇಲೆ ಊರಿನ ಬಾಯಲ್ಲಿ ಉಳಿದದ್ದು ಕಾರಿನ ಕತೆ. ಕೂಲಿ ಹೆಂಗಸಿಗೆ ಕಾರು ಕೊಟ್ಟ ಸಾಹುಕಾರ್ರು. ಅಕ್ಕನೇ ಎಲ್ಲರಿಗೂ ಹೇಳುತ್ತಿದ್ದಳು, ಹೇಳುವಾಗ ಕೈ ಮುಗಿಯುತ್ತಿದ್ದಳು. ಬೈಯುತ್ತಿದ್ದದ್ದು ಕಂಡಕ್ಟರನ್ನು. "ಎಲ್ಲಿ ಟೀ ಕುಡೀತಾ ಕೂತಿದ್ನೋ ಪಾಪಿ, ಹೊತ್ತಾದ್ಮೇಲೆ ಬಂದು ಹೇಳವ್ನೆ." ಅಂಕಲ್ ಎದುರಿಗೇ ಒಮ್ಮೆ ಹಾಗೆಂದಳು. ಅವರು ಬೀಗದ ಕೈ ಗೊಂಚಲು ನೋಡುತ್ತಾ ನಿಂತರು. ನಾನೂ ಅಲ್ಲೇ ಇದ್ದೆ. ಶುಕ್ರವಾರದ ಆಟ ಇನ್ನೂ ಏಳೆಂಟು ವರ್ಷ, ಮನೆಮನೆಗೆ ಕೇಬಲ್ ಬರುವ ತನಕ ನಡೆಯಿತು, ಹೊಸ ಚಿತ್ರಗಳೂ ಬಂದವು. ಅಮ್ಮ ಎಲ್ಲವನ್ನೂ ನೋಡಿದಳು.

ಅಂಕಲ್ ಮಗನಿಗೆ ಎರಡು ಪುಟ ಬರೆಯಲು ಕೂತರೆ ಕಾರಿನ ಹತ್ತಿರ ಬಂದು ಪೆನ್ನು ನಿಂತಿತು. ಕಾರು ಸುಳ್ಳಲ್ಲ. ಫ್ಯಾನೂ ಸುಳ್ಳಲ್ಲ. ಆದರೆ ಸ್ಲೈಡಿನ ವಿಷಯ ಮೊದಲು ತಿಳಿಯಬೇಕಾದದ್ದು ಅಕ್ಕನಿಗೆ ಎಂದು ನನಗೆ ಅನಿಸಿತು. ಗಾಜನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅಕ್ಕ ಈಗಲೂ ಅದೇ ವಠಾರದಲ್ಲಿ, ಮಗಳು ಮೊಮ್ಮಕ್ಕಳ ಜೊತೆ ಇದ್ದಾಳೆ. "ಏನಮ್ಮಣ್ಣಿ, ಗಾಜಿನ ಬಳೆ ತಂದಿದೀಯಾ ಅಂದ್ಕೊಂಡೆ, ಬರೀ ಗಾಜು" ಎಂದು ನಕ್ಕಳು. ಓದಿ ಹೇಳಿದೆ. ನಗು ನಿಂತಿತು.

"ಯಾವಾಗ ಬರ್ದಿದ್ದು?"

"ಇಂಟರ್ವಲ್ ಆದ್ಮೇಲೆ."

"ನಾಲ್ಕರ ಗಾಡಿಗೆ ಮುಂಚೆ?"

"ಮುಂಚೇನೇ ಅಕ್ಕ. ಅಂಕಲ್ ಹಾಕಲಿಲ್ಲ. ನಾನೂ ಬಂದು ಕರೀಲಿಲ್ಲ. ಮೇಲೆ ಕೂತು ಸಿನಿಮಾ ನೋಡ್ದೆ."

"ನಾನೂ ನೋಡ್ತಾನೇ ಇದ್ದೆ" ಎಂದಳು ಅಕ್ಕ. ಮಗಳು ತಂದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತು.

"ಹಂಗಾದ್ರೆ ಆ ಕಂಡಕ್ಟರಪ್ಪ ಹೊತ್ತಿಗೆ ಸರಿಯಾಗೇ ಹೇಳಿದ್ದ. ಒಂದ್ಸಲ ಮನೆ ತಂಕ ಬಂದಿದ್ದ, ಅದೇನೋ ಹೇಳಕ್ಕೆ. ಮುಖದ ಮೇಲೆ ಬಾಗಿಲು ಹಾಕ್ದೆ ಅಮ್ಮಣ್ಣಿ. ಅವನೂ ಹೋದ, ಹತ್ತು ವರ್ಷ ಆಯ್ತು..."

ಅಂಕಲ್ ಬಗ್ಗೆ ಅವಳು ಒಂದು ಮಾತನ್ನೂ ಆಡಲಿಲ್ಲ. ಹೊರಡುವಾಗ ಗಾಜಿಗೆ ಕೈ ಚಾಚಿದೆ. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಇದು ನಂಗೆ ಬಂದಿದ್ದು ತಾನೆ. ಇಲ್ಲೇ ಇರ್ಲಿ."

ಎರಡು ಪುಟ ಬರೆದು ಕಳಿಸಿದ್ದೇನೆ. ಶುಕ್ರವಾರದ ಆಟ, ಫ್ಯಾನು, ಕಾರು, ಸ್ಲೈಡು, ಕಿಂಡಿ, ಯಾವುದನ್ನೂ ಬಿಟ್ಟಿಲ್ಲ. ಅಂಕಲ್ ಮಗ ಅಚ್ಚು ಹಾಕಿಸುತ್ತಾನೋ ಇಲ್ಲವೋ ಕಾಣೆ. ಟ್ರಂಕಿನ ತಳದಲ್ಲಿ ಹಾಸಿದ್ದ ಕಾಗದದ ಮೇಲೆ ಗಾಜು ಇದ್ದಷ್ಟು ಜಾಗ ಬೆಳ್ಳಗೆ ಉಳಿದಿದೆ. ಅಮ್ಮನ ಸೀರೆಯನ್ನು ಮತ್ತೆ ಅದರ ಮೇಲೆಯೇ ಇಟ್ಟೆ.