ಕೆಂಪಯ್ಯನ ಬಲಗೈ

ಮಾರೇನಹಳ್ಳಿಯ ಕೆಂಪಯ್ಯನ ಬಲ ಅಂಗೈಯೊಳಗೆ ಒಂದು ದಬ್ಬಣದ ಮೊನೆ ಇತ್ತು. ಹೊಲ ಇದ್ದ ಕಾಲದಲ್ಲಿ ರಾಗಿ ಮೂಟೆ ಹೊಲಿಯುವಾಗ ಮುರಿದು ಒಳಗೇ ಉಳಿದದ್ದು. ನೋವಿರಲಿಲ್ಲ. ತೆಗೆಸುವ ಗೋಜಿಗೆ ಅವನು ಹೋಗಲಿಲ್ಲ. ಆಮೇಲೆ ಹೊಲದಲ್ಲಿ ವಿಜಯನಗರ ಬಡಾವಣೆಯ ಸೈಟುಗಳಿಗೆ ಕಲ್ಲು ನೆಟ್ಟರು. ಕೆಂಪಯ್ಯ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಬೆಸುಗೆ ಕೆಲಸಕ್ಕೆ ಸೇರಿದ.

ಶೆಡ್ಡು ಬಸವಲಿಂಗಪ್ಪನವರದು. ದಾವಣಗೆರೆ ಕಡೆಯವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಆಸ್ಪತ್ರೆಯ ಎಕ್ಸರೇ ಮೆಷಿನ್ನನ್ನು ವ್ಯಾನಿನೊಳಗೆ ಕೂರಿಸಿ, ಕರೆಂಟೂ ಇಲ್ಲದ ರಸ್ತೆಯೂ ಇಲ್ಲದ ಊರಿಗೆ ಹೋಗುವ ಹಾಗೆ ಮಾಡುವುದು ಅವರ ಕಸುಬು. ಕಾಡಂಚಿನ ಊರುಗಳಲ್ಲಿ ಕ್ಷಯದವರ ಎದೆ ನೋಡಲು ಅಂಥ ವ್ಯಾನು ಬೇಕಿತ್ತು. ಮೆಷಿನ್ನಿನ ಜೀವ ಇರುವುದು ಒಂದು ಗಾಜಿನ ಬುರುಡೆಯಲ್ಲಿ. ಕುಲುಕಿದರೆ ಅದು ಒಡೆಯುತ್ತದೆ, ಧೂಳು ಹೊಕ್ಕರೆ ಮೆಷಿನ್ನು ಕೆಡುತ್ತದೆ, ಜನರೇಟರು ಮುಗ್ಗರಿಸಿದರೆ ಚಿತ್ರ ಮಂಕಾಗುತ್ತದೆ. ಕೆಂಪಯ್ಯ ಕಬ್ಬಿಣದ ಚೌಕಟ್ಟು ಬೆಸೆದು, ಅಡಿಗೆ ಹಳೇ ಜೀಪಿನ ಸ್ಪ್ರಿಂಗು ಕೊಟ್ಟು, ನಡುವೆ ಲಾರಿ ಟಯರಿನ ತುಂಡು ಇಟ್ಟು, ಸಂದುಗೊಂದಿಗೆಲ್ಲ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸುತ್ತಿದ್ದ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಡ್ರೈವರ್ ವೆಂಕಟಸ್ವಾಮಿ ವ್ಯಾನನ್ನು ಕೆಂಗೇರಿಯಾಚೆ ಕಲ್ಲುಕ್ವಾರಿಯ ದಾರಿಗೆ ಒಯ್ದು, ಹಳ್ಳ ಹುಡುಕಿ ಹುಡುಕಿ ಎತ್ತಿಹಾಕಿ ತರುತ್ತಿದ್ದ. ವಾಪಸು ಬಂದ ತಕ್ಷಣ ವ್ಯಾನಿನ ಬಾಗಿಲು ಮುಚ್ಚಿ, ಕರಿಬಟ್ಟೆ ಎಳೆದು, ಜನರೇಟರು ಹಾಕುವರು. ಬುರುಡೆಗೂ ಪರದೆಗೂ ನಡುವೆ ಕೆಂಪಯ್ಯ ಬಲಗೈ ಒಡ್ಡುವನು. ಪರದೆ ಹಸಿರಾಗಿ ಹೊಳೆಯುವುದು. ಮೂಳೆಗಳ ನಡುವೆ ದಬ್ಬಣದ ಮೊನೆ ಕರ್ರಗೆ ಕಾಣಬೇಕು. ಕಾಣದಿದ್ದರೆ ತಿರುಪು ತಿರುಗಿಸುವುದು, ಮತ್ತೆ ಕೈ ಒಡ್ಡುವುದು. ಕಾಣುವವರೆಗೂ ಅದೇ.

"ಕಂಡ್ತೇನಪಾ?" ಅಂತ ಬಸವಲಿಂಗಪ್ಪ ಕತ್ತಲಲ್ಲಿ ಕೇಳುವರು.

"ಕಂಡ್ತು ಯಜಮಾನ್ರೇ."

"ಹಂಗಾರೆ ಕಾಯಿ ಒಡೀರಿ."

ಗಾಡಿಯ ಮುಂದೆ ತೆಂಗಿನಕಾಯಿ ಒಡೆದರೆ ಪಾಸು. ಬೇರೆ ಶೆಡ್ಡಿನವರಿಗೆ ಇಂಥ ಅಳತೆ ಇರಲಿಲ್ಲ. ವ್ಯಾನು ಕೊಳ್ಳಲು ಬಂದ ಸಾಹೇಬರಿಗೆಲ್ಲ ಬಸವಲಿಂಗಪ್ಪ ಆ ಕೈಯನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಸಾಹೇಬರು ಬಂದಾಗ ಮಾತ್ರ ಮೊಳೆಗೆ ನೇತುಹಾಕಿದ್ದ ಸೀಸದ ಏಪ್ರನ್ ಕೆಳಗಿಳಿಯುತ್ತಿತ್ತು. ಅದನ್ನು ಬಸವಲಿಂಗಪ್ಪ ತೊಡುತ್ತಿದ್ದರು. ಮೈಗೆ ಆ ಬೆಳಕು ತಾಗಬಾರದಂತೆ.

"ನನ್ನ ಕೈಗೂ ಏನಾರ ಹಾಕ್ಕೊಳ್ಳೋದಾ ಯಜಮಾನ್ರೇ?" ಅಂತ ಕೆಂಪಯ್ಯ ಒಮ್ಮೆ ಕೇಳಿದ್ದ.

"ಸೀಸ ಹಾಕ್ಕೊಂಡ್ರೆ ಪರದೆ ಮ್ಯಾಲೆ ಏನು ಕಾಣ್ತದೋ? ನಿನ್ನ ತಲೀನಾ?"

ಎಲ್ಲರೂ ನಕ್ಕರು. ಕೆಂಪಯ್ಯನೂ ನಕ್ಕ.

"ಇಡೀ ಎಸ್ಟೇಟಲ್ಲಿ ಒಳಗೂ ಹೊರಗೂ ಒಂದೇ ಥರ ಕಾಣೋನು ನೀನೊಬ್ನೇ ಕಣಣ್ಣ," ಅಂದ ವೆಂಕಟಸ್ವಾಮಿ. ಆ ಮಾತನ್ನು ಕೆಂಪಯ್ಯ ಮನೆಗೆ ಹೋಗಿ ಹೆಂಡತಿ ಹನುಮಕ್ಕನಿಗೂ ಹೇಳಿದ. ಅವನಿಗೆ ಅದೊಂದು ಹೆಮ್ಮೆ.

ಮೊದಲು ಉಗುರು ಸೀಳಿತು. ಆಮೇಲೆ ಬೆರಳ ಮೇಲಿನ ಚರ್ಮ ಒಣಗಿದ ಕೆರೆಯ ಮಣ್ಣಿನಂತೆ ಬಿರಿಯಿತು. ಹನುಮಕ್ಕ ಹರಳೆಣ್ಣೆ ಹಚ್ಚಿದಳು, ಅರಿಶಿನ ಕಟ್ಟಿದಳು. ತೋರುಬೆರಳಿನ ಮೇಲೆ ಒಂದು ಹುಣ್ಣು ಎದ್ದಿತು. ಮಾಯಲೇ ಇಲ್ಲ. ಪಕ್ಕದ ಬೆರಳಿಗೂ ಹಬ್ಬಿತು. ಮುದ್ದೆ ಮುರಿಯಲು ಆಗದೆ ಅವನು ಗೋಡೆಯ ಕಡೆ ತಿರುಗಿ ಎಡಗೈಯಲ್ಲಿ ಉಣ್ಣತೊಡಗಿದ.

"ಯಜಮಾನ್ರೇ, ಈ ಸಲ ಎಡಗೈ ಇಡ್ತೀನಿ," ಅಂದ ಒಂದು ದಿನ.

"ಎಡಗೈಯಾಗ ಮೊನೆ ಎಲ್ಲೈತೋ? ಸಾಹೇಬ್ರು ಹೊರಗೆ ನಿಂತಾರ, ಇಡಪಾ. ಒಂದು ಗಳಿಗೆ."

ಇಟ್ಟ. ಹುಣ್ಣಿಗೆ ಕಟ್ಟಿದ್ದ ಬಟ್ಟೆ ಪರದೆಯ ಮೇಲೆ ಕಾಣಲೇ ಇಲ್ಲ. ಮೂಳೆ ಚೆನ್ನಾಗಿಯೇ ಕಂಡಿತು. ಸಾಹೇಬರು ಭೇಷ್ ಅಂದರು.

ಕೈ ಬಾತು ನಾರಲು ಶುರುವಾದ ಮೇಲೆ ಬಸವಲಿಂಗಪ್ಪನವರೇ ಅವನನ್ನು ಕಾರಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹನುಮಕ್ಕ ಹಿಂದಿನ ಸೀಟಿನಲ್ಲಿ ಮುದುರಿ ಕೂತಿದ್ದಳು. ಅವಳು ಕಾರು ಹತ್ತಿದ್ದು ಅದೇ ಮೊದಲು. ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಇಳಿಸಿ, ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಬಸವಲಿಂಗಪ್ಪ ಕೆಂಪಯ್ಯನ ಹೆಗಲ ಮೇಲೆ ಕೈ ಹಾಕಿದರು.

"ನೋಡಪಾ, ಡಾಕ್ಟ್ರು ಕೇಳ್ತಾರ. ಮೆಷಿನ್ ಬೆಳಕಿನಿಂದ ಅಂತ ನೀನು ಅಂದ್ರೆ ಶೆಡ್ಡಿಗೆ ಬೀಗ. ನಾನು ಊರಿಗೆ ಹೋಗಿ ಅಂಗಡಿ ಇಟ್ಕೊಂತೀನಿ, ನನಗೇನು? ನೀನು ಈ ಕೈ ಹಿಡ್ಕೊಂಡು ಎಲ್ಲಿಗೆ ಹೋಗ್ತೀ? ಬೆಸುಗೆ ಕಿಡಿ ಬಿತ್ತು ಅನ್ನು. ನಿನ್ನ ಹೆಣ್ತಿಗೆ ಶೆಡ್ಡಿನಾಗ ಕೆಲಸ ಕೊಡ್ತೀನಿ. ಬಸವಣ್ಣನಾಣೆ."

ಕೆಂಪಯ್ಯ ಆಸ್ಪತ್ರೆಯ ಬಾಗಿಲ ಕಡೆ ಹೆಜ್ಜೆ ಹಾಕಿದ. ಮನೆಯಲ್ಲಿ ರಾಗಿ ಡಬ್ಬ ತಳ ಕಂಡು ವಾರವಾಗಿತ್ತು.

ಡಾಕ್ಟರು ಇನ್ನೂ ಎಳೆ ವಯಸ್ಸಿನವರು. ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿಸಿ ಬಹಳ ಹೊತ್ತು ನೋಡಿದರು.

"ಎಕ್ಸರೇ ಹತ್ರ ಕೆಲಸ ಮಾಡ್ತೀಯೇನಯ್ಯಾ?"

ಪಕ್ಕದಲ್ಲಿ ಬಸವಲಿಂಗಪ್ಪ ಕೆಮ್ಮಿದರು. ಹನುಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಗಂಡನನ್ನೇ ನೋಡುತ್ತಿದ್ದಳು.

"ಇಲ್ಲ ಸಾರ್. ವೆಲ್ಡಿಂಗು. ಕಿಡಿ ಬಿತ್ತು."

"ಕಿಡಿಯಿಂದ ಹೀಗಾಗಲ್ವಲ್ಲ. ನಿಜ ಹೇಳು. ನೀನು ಹೇಳಿದ್ರೆ ನಾನು ಮೇಲಿನವರಿಗೆ ತಿಳಿಸ್ಬೋದು, ಇನ್ನೊಬ್ರಿಗೆ ಹೀಗಾಗೋದು ತಪ್ಪುತ್ತೆ."

"ಕಿಡೀನೇ ಸಾರ್. ನನ್ನಾಣೆಗೂ. ದಿನಾ ಬೀಳ್ತಿತ್ತು."

ಡಾಕ್ಟರು ಅವನ ಮುಖ ನೋಡಿದರು, ಯಜಮಾನರ ಮುಖ ನೋಡಿದರು. ಬಾಗಿಲಲ್ಲಿ ಜನ ನೂಕಾಡುತ್ತಿದ್ದರು. "ಸರಿ, ಅಡ್ಮಿಟ್ ಆಗು," ಅಂದರು.

ಮೂರು ಬೆರಳು ತೆಗೆದರು. ಗಾಯ ಒಣಗಲಿಲ್ಲ. ಮತ್ತೆ ಕರೆಸಿಕೊಂಡು ಮುಂಗೈವರೆಗೂ ತೆಗೆದರು. ದಬ್ಬಣದ ಮೊನೆಯೂ ಹೋಯಿತು. ಅದು ಸಿಕ್ಕಿತಾ ಅಂತ ಕೆಂಪಯ್ಯ ಕೇಳಿದ. ಕಾಂಪೌಂಡರಿಗೆ ಅದೇನೆಂದು ಅರ್ಥವಾಗಲಿಲ್ಲ.

ಬಸವಲಿಂಗಪ್ಪ ಆಣೆ ಉಳಿಸಿಕೊಂಡರು. ಹನುಮಕ್ಕ ಶೆಡ್ಡಿಗೆ ಹೋಗಲು ಶುರುಮಾಡಿದಳು. ಕಸ ಗುಡಿಸುವುದು, ಕಬ್ಬಿಣದ ಪುಡಿ ಬಾಚುವುದು, ಟೀ ಕಾಯಿಸುವುದು. ಬೆಳಿಗ್ಗೆ ಮುದ್ದೆ ತೊಳಸಿಟ್ಟು ಮಾಗಡಿ ರಸ್ತೆ ಟೋಲ್‌ಗೇಟಿನವರೆಗೆ ನಡೆದು ಬಸ್ಸು ಹಿಡಿಯುವಳು. ಕೆಂಪಯ್ಯ ಜಗಲಿಯ ಮೇಲೆ ಕೂತು, ಹೊಸ ಸೈಟುಗಳಲ್ಲಿ ಮನೆ ಏಳುವುದನ್ನು ನೋಡುವನು. ನೋವು ಮೊಣಕೈಗೂ ಹತ್ತಿತ್ತು. ಅದನ್ನು ಅವಳಿಗೆ ಹೇಳಿರಲಿಲ್ಲ.

ಒಂದು ಸಂಜೆ ಅವಳು ನಗುತ್ತಲೇ ಒಳಗೆ ಬಂದಳು. ಮೈಮೇಲೆ ಹೊಸ ಸೀರೆ, ಮುಡಿಯಲ್ಲಿ ಕನಕಾಂಬರ.

"ಯಜಮಾನ್ರು ಕೊಡಿಸಿದ್ರು. ಇವತ್ತು ಒಂದು ಗಾಡಿ ಪಾಸಾಯ್ತು."

"ಪಾಸ್ ಮಾಡ್ದೋರ್ ಯಾರು?"

"ನಾನೇಯ." ಅವಳು ಬಲಗೈ ಅಗಲಿಸಿ ತೋರಿಸಿದಳು. "ಹೆಂಗಸ್ರ ಕೈ ಮೂಳೆ ಸಣ್ಣ ಅಂತೆ. ಅದು ಕಂಡ್ರೆ ಎಲ್ಲಾ ಕಂಡಂಗಂತೆ. ಬಳೆ ತೆಗೆಸಿ ಕತ್ಲಲ್ಲಿ ಇಡ್ಸಿದ್ರು. ಅಯ್ಯೋ, ನನ್ನ ಮೂಳೆ ನಾನೇ ನೋಡ್ದೆ ಕಣಯ್ಯ! ಬಾಳೆದಿಂಡಿನ ನಾರಿನಂಗಿತ್ತು."

ಕೆಂಪಯ್ಯ ಎದ್ದು ನಿಂತ. "ನಾಳೆಯಿಂದ ಹೋಗ್ಬೇಡ."

"ಯಾಕೆ?"

"ನನ್ನ ಕೈ ತಿಂದಿದ್ದು ಆ ಬೆಳಕೇ ಕಣೇ. ಕಿಡಿ ಅಲ್ಲ."

ಹನುಮಕ್ಕನ ನಗು ನಿಂತಿತು. ಆದರೆ ಅವಳಿಗೆ ಬಂದದ್ದು ಭಯವಲ್ಲ.

"ಡಾಕ್ಟ್ರು ಎರಡೆರಡು ಸಲ ಕೇಳುದ್ರು. ನಾನು ಅಲ್ಲೇ ನಿಂತಿದ್ದೆ. ಕಿಡಿ ಅಂತ ಆಣೆ ಇಟ್ಟೋನು ನೀನೇಯ."

"ಸುಳ್ಳು ಹೇಳ್ದೆ. ಯಜಮಾನ್ರು ಹಂಗೆ ಹೇಳು ಅಂದ್ರು."

"ಅವಾಗ ಸುಳ್ಳೋ, ಇವಾಗ ಸುಳ್ಳೋ? ನಿನ್ನ ಕೈ ಇಟ್ಟಾಗ ಊರೆಲ್ಲ ಹೇಳ್ಕೊಂಡು ಬಂದೆ. ನನ್ನ ಕೈ ಇಟ್ರೆ ಹೊಟ್ಟೆ ಉರಿಯಾ? ಕೂತ್ಕೊಂಡು ಉಣ್ಣೋ ಗಂಡಸಿಗೆ ಇಂಥ ಬುದ್ಧಿ ಬತ್ತದಂತೆ. ನಮ್ಮವ್ವ ಹೇಳೋಳು."

ಕೆಂಪಯ್ಯ ತೋಳಿನ ಬಟ್ಟೆ ಬಿಚ್ಚಿ ಮೊಂಡುಗೈಯನ್ನು ಅವಳ ಮುಖದ ಮುಂದೆ ಹಿಡಿದ. ಅವಳು ಮೂಗು ಮುಚ್ಚಿಕೊಂಡು ಅತ್ತ ತಿರುಗಿದಳು.

"ಮೊದ್ಲು ಅದ ಮುಚ್ಚು. ಉಣ್ಣೋ ಹೊತ್ತು."

ಮಾರನೆಯ ಬೆಳಿಗ್ಗೆ ಅವನು ಅವಳಿಗಿಂತ ಮುಂಚೆ ಎದ್ದು ಬಾಗಿಲಿಗೆ ಅಡ್ಡ ನಿಂತ. ಅವಳು ತಲೆ ಬಾಚಿ, ಕುಂಕುಮ ಇಟ್ಟು, ಗಂಡನ ಮುದ್ದೆಗೆ ಸೊಪ್ಪಿನ ಸಾರು ಮುಚ್ಚಿಟ್ಟಳು. ಹೇಗಿದ್ದರೂ ಶೆಡ್ಡಿನಲ್ಲಿ ತೆಗೆಸುತ್ತಾರೆ ಅಂತ ಬಲಗೈಗೆ ಬಳೆ ತೊಡಲಿಲ್ಲ. ಬಾಗಿಲಿಗೆ ಬಂದು ಎಡಗೈಯಲ್ಲಿ ಅವನನ್ನು ಪಕ್ಕಕ್ಕೆ ತಳ್ಳಿದಳು. ಜೋರಾಗೇನೂ ತಳ್ಳಲಿಲ್ಲ. ಅವನು ಹಿಡಿದುಕೊಳ್ಳಲು ಬಲಗೈ ಚಾಚಿದ. ಹಿಡಿಯಲು ಅಲ್ಲಿ ಅಂಗೈಯೇ ಇರಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತ.

"ಬಸ್ಸು ತಪ್ಪುತ್ತೆ," ಅಂದು ಅವಳು ಅವನನ್ನು ದಾಟಿಕೊಂಡು ಹೋದಳು.