ಒಗ್ಗರಣೆ ಹೊತ್ತಿನ ಫ್ರೆಂಚ್

ನಮ್ಮ ಅಡುಗೆಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ ಮಗಳು ಮೊಬೈಲ್ ನಿಲ್ಲಿಸುತ್ತಿದ್ದಳು. ಅದರಿಂದ ಒಬ್ಬ ಹೆಂಗಸಿನ ದನಿಯಲ್ಲಿ ಫ್ರೆಂಚ್ ಪಾಠ ಬರುತ್ತಿತ್ತು. ಮಗಳು ಬೀನ್ಸ್ ಹೆಚ್ಚುತ್ತ ಪಾಠ ಕೇಳುತ್ತಿದ್ದಳು. ನಾನು ಒಗ್ಗರಣೆ ಹಾಕುತ್ತ ಅವಳ ಮುಖ ನೋಡುತ್ತಿದ್ದೆ.

ಅವಳು ಯಲಹಂಕದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಾಳೆ. ಕೆಲಸ ಇನ್ನೂ ಟೆಂಪರರಿ. ಮೇಲಿನ ಹಂತದ ಪರೀಕ್ಷೆ ಪಾಸಾದರೆ ಜೂನ್‌ನಿಂದ ಕಾಯಂ ಮಾಡುತ್ತೇವೆ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಮೊದಲ ಸಲ ಬರೆದಾಗ ಓದು, ಬರಹ, ಮಾತು ಮೂರರಲ್ಲೂ ಅವಳಿಗೆ ಒಳ್ಳೆಯ ಅಂಕ ಬಂತು. ಕೇಳಿ ಉತ್ತರ ಬರೆಯುವ ಭಾಗದಲ್ಲಿ ಮಾತ್ರ ಬಿದ್ದಳು.

"ಎಷ್ಟು ಬೇಗ ಮಾತಾಡ್ತಾರೆ ಗೊತ್ತಾ ಅಮ್ಮ? ಒಂದ್ ಮಾತು ಹಿಡ್ಕೊಳ್ಳೋಷ್ಟ್ರಲ್ಲಿ ಮುಂದಿಂದು ಹೋಗೇಬಿಟ್ಟಿರುತ್ತೆ."

ಅದಕ್ಕೇ ಆ ಪಾಠಗಳನ್ನು ಅಷ್ಟು ಹಾಕಿ ಹಾಕಿ ಕೇಳಿದ್ದು. ಊಟ ಸೇರುತ್ತಿರಲಿಲ್ಲ. ತಲೆ ಬಾಚಿಕೊಂಡರೆ ಬಾಚಣಿಗೆ ತುಂಬ ಕೂದಲು. ದೇವರ ಮುಂದೆ ದೀಪ ಹಚ್ಚುವಾಗ ಅಂಕ ಕೊಡಪ್ಪಾ ಎಂದು ಕೇಳಲು ನನಗೆ ಸಂಕೋಚ. ಅವಳ ಕಿವಿ ತೆರೆಸು, ಅಷ್ಟು ಸಾಕು ಎನ್ನುತ್ತಿದ್ದೆ.

"ಇನ್ಮೇಲೆ ನಮ್ಮನೆ ಕುಕ್ಕರ್ ಫ್ರೆಂಚಲ್ಲೇ ಕೂಗುತ್ತೆ ನೋಡು," ಎಂದು ನಮ್ಮ ಮನೆಯವರು ಪೇಪರ್ ಹಿಂದಿನಿಂದ ಅಂದರೆ ಮಗಳು ನಗುತ್ತಿದ್ದಳು. ನಕ್ಕಳಲ್ಲ, ಅದೇ ದೊಡ್ಡದು ಎಂದುಕೊಳ್ಳುತ್ತಿದ್ದೆ.

ಸ್ವಲ್ಪ ದಿನಕ್ಕೆ ಅವಳಿಗೆ ಆ ಪಾಠಗಳೆಲ್ಲ ಬಾಯಿಗೆ ಬಂದವು. ಮೊಬೈಲಿನ ಹೆಂಗಸು ಬಾಯಿ ತೆರೆಯುವ ಮೊದಲೇ ಇವಳು ಹೇಳಿಬಿಡುತ್ತಿದ್ದಳು. ನನಗೂ ಧೈರ್ಯ ಬಂತು.

ಆ ಧೈರ್ಯ ಶೆಟ್ಟಿಹಳ್ಳಿಯ ಒಂದು ಗೃಹಪ್ರವೇಶದವರೆಗೆ ಇತ್ತು. ಅಲ್ಲಿ ನಮ್ಮ ಭಜನಾ ಮಂಡಳಿಯವರು ದೇವಿಯ ಸ್ತೋತ್ರ ಹೇಳಬೇಕಿತ್ತು. ನಾವೆಲ್ಲ ಅದನ್ನು ಕಲಿತದ್ದು ಒಂದೇ ರೆಕಾರ್ಡಿಂಗ್ ಕೇಳಿ. ಆ ಗಾಯಕಿ ಉಸಿರು ಎಳೆದುಕೊಂಡ ಕಡೆ ನಾವೂ ಉಸಿರು ಎಳೆದುಕೊಳ್ಳುತ್ತೇವೆ. ಅವತ್ತು ಆ ಮನೆಯ ಹಿರಿಯ ಅತ್ತೆಯೊಬ್ಬರು, "ನಾನ್ ಹೇಳಿಕೊಡ್ತೀನಿ, ನನ್ ಹಿಂದೇನೇ ಬನ್ನಿ," ಎಂದು ಮುಂದೆ ಕೂತರು. ಅವರದು ಓಡುವ ನಡೆ, ನಿಲ್ಲಿಸುವ ಜಾಗವೂ ಬೇರೆ. ನಾಲ್ಕು ಸಾಲು ದಾಟುವಷ್ಟರಲ್ಲಿ ನಾವೆಲ್ಲ ತಪ್ಪಿಹೋದೆವು. ವರ್ಷಗಟ್ಟಲೆ ಹೇಳಿದ ಸ್ತೋತ್ರ, ಎಲ್ಲಿದ್ದೇವೆಂದೇ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಬಸ್ಸಿನಲ್ಲಿ ವಿದ್ಯಾರಣ್ಯಪುರಕ್ಕೆ ಮರಳುವಾಗ ಮೊಬೈಲಿನ ಆ ಹೆಂಗಸಿನ ದನಿ ನೆನಪಾಯಿತು. ಮಗಳು ಕೇಳುತ್ತಿದ್ದುದೂ ಅದೊಂದನ್ನೇ. ಪರೀಕ್ಷೆಯಲ್ಲೂ ಬೇರೆ ದನಿ ಬಂದರೆ? ಬಂದೇ ಬರುತ್ತದೆ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಚಾಕು ಕೆಳಗಿಟ್ಟಳು. "ಹೌದಮ್ಮ. ನಂಗೆ ಫ್ರೆಂಚ್ ಕಲಿಸಿದ ಮೇಡಮ್ಮೂ ಇದನ್ನೇ ಅಂದಿದ್ರು. ಆದ್ರೆ ಹೊಸದು ಹಾಕ್ಕೊಂಡ್ರೆ ಏನೂ ತಿಳಿಯಲ್ಲ, ಅಳು ಬರುತ್ತೆ. ಗೊತ್ತಿರೋದು ಹಾಕ್ಕೊಂಡ್ರೆ ಸಮಾಧಾನ."

"ಹೊಸದೇ ಹಾಕು. ಅಳು ಬಂದ್ರೆ ಬರ್ಲಿ. ಈರುಳ್ಳಿ ಹೆಚ್ಚೋಕೆ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ. ಮುಗಿದ್ಮೇಲೆ ಏನಂದ್ರು ಅಂತ ನಂಗೆ ಕನ್ನಡದಲ್ಲಿ ಹೇಳು."

ಆವತ್ತಿನಿಂದ ಫ್ರೆಂಚ್ ರೇಡಿಯೋ ಶುರುವಾಯಿತು. ಗಂಡಸರು, ಮುದುಕರು, ಮೂಗಿನಲ್ಲಿ ಮಾತನಾಡುವವರು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು. ಮೊದಮೊದಲು ಅವಳು, "ಯಾವ್ದೋ ರೈಲು... ಏನೋ ಜಗಳ... ಗೊತ್ತಾಗ್ಲಿಲ್ಲಮ್ಮ," ಎಂದು ನಿಲ್ಲಿಸುತ್ತಿದ್ದಳು. ನಾನು ಲಟ್ಟಣಿಗೆ ಹಿಡಿದು ಕಾಯುತ್ತಿದ್ದೆ. ಆಮೇಲಾಮೇಲೆ ರೈಲು ಏಕೆ ನಿಂತಿತು, ಜಗಳ ಯಾರದು ಎಂಬುದೂ ಬರತೊಡಗಿತು. ಆದರೂ ಒಂದು ದಿನ ಹೇಳಿದರೆ ಇನ್ನೊಂದು ದಿನ ಏನೂ ಇಲ್ಲ. ಪರೀಕ್ಷೆ ಹತ್ತಿರ ಬಂದಂತೆ ನನಗೇ ಅನ್ನ ಇಳಿಯದಾಯಿತು.

ಪರೀಕ್ಷೆಯ ದಿನ ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಬೇಗನೆ ಹೊರಟೆವು. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಆರ್.ಟಿ. ನಗರದ ಆ ಸೆಂಟರಿನ ಗೇಟಿನಲ್ಲಿ ವಾಚ್‌ಮನ್ ತನ್ನ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟ. ಇಂಥದ್ದನ್ನೆಲ್ಲ ನಾನು ದೇವರ ಲೆಕ್ಕಕ್ಕೇ ಹಾಕುತ್ತೇನೆ. ಒಳಗೆ ಎರಡೇ ಸಲ ಕೇಳಿಸುತ್ತಾರಂತೆ, ಮೂರನೆಯದಿಲ್ಲ. ಬೀದಿಯಲ್ಲಿ ಆಟೋ ಹಾರ್ನ್ ಹೊಡೆದಾಗೆಲ್ಲ ಅವಳಿಗೆ ಅಡ್ಡ ಬಂತೇನೋ ಎಂದು ಜೀವ ಹಾರುತ್ತಿತ್ತು.

ಹೊರಗೆ ಬಂದವಳ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಹೇಗಾಯಿತು ಎಂದು ಕೇಳಲು ಬಾಯಿ ಬರಲಿಲ್ಲ. ಅಭ್ಯಾಸಬಲದಿಂದ, "ಏನಂದ್ರು?" ಅಂದೆ.

"ಒಬ್ರು ತಾತ ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ಜೇನು ಸಾಕ್ತಾರಮ್ಮ. ಕೆಳಗಿನ ಮನೆಯೋರು ಕಂಪ್ಲೇಂಟ್ ಕೊಡ್ತಾರೆ..."

ಬಸ್ ಸ್ಟಾಪಿನವರೆಗೂ ಹೇಳಿದಳು. ತಾತ ಎಲ್ಲರನ್ನೂ ಮೇಲಕ್ಕೆ ಕರೆದು ತೋರಿಸಿದ್ದು, ಒಪ್ಪದವರು ಕೊನೆಗೆ ಜೇನುತುಪ್ಪ ತೆಗೆದುಕೊಂಡು ಹೋದದ್ದು.

"ಎಲ್ರೂ ಒಪ್ಪಿದ್ರಾ?"

"ಇಲ್ಲ, ಒಬ್ಬಳು ಒಪ್ಪಲ್ಲ. ಅವಳ ಮಗೂಗೆ ಭಯ. ಎಷ್ಟು ವರ್ಷದಿಂದ ಸಾಕ್ತಿದಾರೆ ಅನ್ನೋದು ಮಾತ್ರ ತಪ್ಪೋಯ್ತು ಕಣಮ್ಮ," ಎಂದು ಸಪ್ಪಗಾದಳು.

ಫಲಿತಾಂಶ ಇನ್ನೂ ಬಂದಿಲ್ಲ. ಅವಳ ಫೋನ್ ಸದ್ದು ಮಾಡಿದರೆ ಈಗಲೂ ನನ್ನ ಕೈ ನಿಲ್ಲುತ್ತದೆ. ಆದರೆ ಆ ತಾತನ ಜೇನನ್ನು, ಮಗುವಿನ ಭಯವನ್ನು ಅವಳು ಎಲ್ಲೂ ತಡವರಿಸದೆ ಹೇಳಿದಳು. ನಾನು ದೇವರಲ್ಲಿ ಕೇಳಿದ್ದು ಅಷ್ಟೇ. ಆ ಸಂಜೆ ದೀಪ ಹಚ್ಚಿ ಅದಕ್ಕೆ ಕೈಮುಗಿದೆ. ವರ್ಷದ ಲೆಕ್ಕ ತಪ್ಪಿದ್ದನ್ನು ಮಾತ್ರ ದೇವರ ಹತ್ತಿರ ಎತ್ತಲಿಲ್ಲ.